ಹೊಗಳಿಕೆಗೆ ನಕ್ಕದ್ದು

ಲೀಡ್ಸ್, 9-11-1978

ಅಕ್ಕಿಆಲೂರಿನ ನನ್ನ ಅಕ್ಕನಿಗೆ ನಮಸ್ಕಾರ.

ಸೋಮವಾರ ಆಸ್ಪತ್ರೆಯ ಊಟದ ಕೋಣೆಯಲ್ಲಿ ಬಿಳಿಯ ಡಾಕ್ಟರೊಬ್ಬರು ನನ್ನನ್ನು ಹೊಗಳಿದರು. “ನೀವು ಇಂಡಿಯಾದವರು ದುಡಿದು ಮ್ಯಾಲ ಬಂದೀರಿ. ಈ ಕರಿಯರಿಗೆ ಯಾಕ ಆಗೂದಿಲ್ಲ?” ನಾನು ನಕ್ಕೆ.

ಪಕ್ಕದಲ್ಲೇ ಜಮೈಕಾದ ಕಪ್ಪು ನರ್ಸ್ ಗ್ಲೋರಿಯಾ ಇದ್ದಳು. ಇಲ್ಲಿ ನನಗಿರುವ ಗೆಳತಿ ಅವಳೊಬ್ಬಳೇ. “ಹದಿನೆಂಟು ವರ್ಷ ದುಡದೇನಿ, ಇನ್ನೂ ರೋಗಿಗಳ ಬೆಡ್‌ಪ್ಯಾನ್ ತೊಳಿಯಾಕತ್ತೇನಿ. ನೀ ನಗ್ತಿ,” ಎಂದು ತಟ್ಟೆ ಎತ್ತಿಕೊಂಡು ಹೋದಳು.

ಅಪ್ಪ ಓದಿಸಿದ್ದರಿಂದ ಡಾಕ್ಟರಾಗಿಯೇ ವಿಮಾನ ಹತ್ತಿದವಳು ನಾನು. ಅದನ್ನು ಆ ಡಾಕ್ಟರಿಗೆ ಅಲ್ಲೇ ಹೇಳಬೇಕಿತ್ತು. ಎರಡು ದಿನ ಒಬ್ಬಳೇ ಉಂಡೆ.

ನನ್ನ ಕೆಮ್ಮು ಕಡಿಮೆಯಾಗಿದೆಯೆಂದು ಅವ್ವನಿಗೆ ತಿಳಿಸು.

ಇವತ್ತು ಗ್ಲೋರಿಯಾಳ ಎದುರು ಕುಳಿತು, “ನಂದ ತಪ್ಪು” ಎಂದೆ. ಅವಳು ತನ್ನ ಊಟ ಮುಂದುವರಿಸಿದಳು. ಎದ್ದು ಹೋಗಲಿಲ್ಲ.

ಡ್ಯೂಟಿಗೆ ಹೊತ್ತಾಯಿತು.

ನಿನ್ನ ಭಾಗೀರಥಿ