ನೊರೆಹಾಲು

ಕಡಬ, ರಾತ್ರಿ ಎರಡೂವರೆ

ಶ್ರೀಶ,

ಹಟ್ಟಿಯಲ್ಲಿ ದನ ನರಳಿ ಎಚ್ಚರವಾಯಿತು. ಕೆಚ್ಚಲು ಮತ್ತೆ ಕಲ್ಲಾಗಿದೆ. ಪ್ರತಿ ಸಲವೂ ಬಾವು ಇಳಿದ ಕೂಡಲೇ ಅತ್ತೆ ಇಂಜೆಕ್ಷನ್ ನಿಲ್ಲಿಸಿ, ಉಳಿದ ಮದ್ದನ್ನು ಮುಂದಿನ ಸಲಕ್ಕೆಂದು ಫ್ರಿಜ್ಜಿನಲ್ಲಿಡುತ್ತಿದ್ದರು. ಈಗ ಆ ಮದ್ದು ನಾಟುವುದೇ ಇಲ್ಲ ಎಂದು ಲ್ಯಾಬಿನವರು ಹೇಳಿದ್ದಾರೆ. ಮದ್ದನ್ನು ಸೋಲಿಸುವ ಜೀನ್ ಬಾವು ತರುವ ಬ್ಯಾಕ್ಟೀರಿಯಾದಲ್ಲಿದೆ. ಕಾಯಿಸದ ಹಾಲು ಕುಡಿದರೆ ಮಗುವಿನ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೂ ಅದು ದಾಟಬಹುದು.

"ಎಂತ ಜೀನ್ ಮಾರಾಯ್ತಿ? ನಿನ್ನ ಗಂಡ ನೊರೆಹಾಲು ಕುಡಿದೇ ದೊಡ್ಡ ಆದದ್ದು," ಎಂದು ಅತ್ತೆ ನಕ್ಕರು. ಬಾವಿಲ್ಲದ ಮೊಲೆಯದೆಂದು ತನ್ಮಯಿಗೆ ಹಸಿಹಾಲು ಕುಡಿಸುತ್ತಲೇ ಇದ್ದಾರೆ.

ಎಂಎಸ್ಸಿಯಲ್ಲಿ ನಾನು ಓದಿದ್ದು ಇದನ್ನೇ. ಇಲ್ಲಿ ಅದಕ್ಕೆ ಬೆಲೆಯಿಲ್ಲ, ನಿಮ್ಮ ಮಾತಿಗೆ ಉಂಟು. ನೈಟ್ ಡ್ಯೂಟಿಯ ನಡುವೆ ಈ ಮೆಸೇಜ್ ನೋಡಿದರೆ, ಬೆಳಗ್ಗೆ ಹಾಲು ಕರೆಯುವ ಮೊದಲು ದಯವಿಟ್ಟು ಫೋನ್ ಮಾಡಿ. ನನಗಲ್ಲ, ನಿಮ್ಮ ಅಮ್ಮನಿಗೆ.

ಚೈತನ್ಯಾ