ಚಿಪ್ಪಿನ ಹರಾಜು ನಿನ್ನದು, ಮಿರೇ

ಮಿರೇ,

ಈ ಪತ್ರವನ್ನು ಹರಿದು ಹಾಕುವುದಾದರೆ ಹಾಕು, ಆದರೆ ಓದಿ ಹರಿ. ಲಕೋಟೆಯ ಮೇಲೆ ನನ್ನ ಹೆಸರು ನೋಡಿದ ಕೂಡಲೇ ನಿನಗೆ ಮೈಯುರಿದಿರುತ್ತದೆ. ಬೇಕೆಂದೇ ಹೆಸರು ಬರೆದೆ. ಹೆಸರು ಮುಚ್ಚಿಟ್ಟು ನಿನ್ನಿಂದ ಓದಿಸಿದರೆ ಅದೂ ಒಂದು ಮೋಸವೇ, ನಿನಗೆ ನಾನು ಮಾಡಿದ ಮೋಸ ಒಂದು ಸಾಕು. ಮಕ್ಕಳಿಗೆ ಇಂಗ್ಲಿಷ್ ಕಲಿಸಲೆಂದು ನೀನು ಕಟ್ಟಿದ ಆಟ ಹದಿನಾಲ್ಕು ವರ್ಷದಿಂದ ನನ್ನ ಹೆಸರಿನಲ್ಲಿ ಊರೂರು ಸುತ್ತುತ್ತಿದೆ. ಅದನ್ನು ನಿನಗೆ ಹಿಂದಿರುಗಿಸಲು ಕೂತು ಬರೆಯುತ್ತಿದ್ದೇನೆ. ಈ ಮುದುಕಿಗೆ ಈಗ ಬುದ್ಧಿ ಬಂತೇ ಎಂದು ನೀನು ಬೈದರೆ ಬೈಸಿಕೊಳ್ಳುತ್ತೇನೆ.

ನೀನು ತೊಂಗ್ಯಂಗ್ ಬಂದರಿನ ನಮ್ಮ ಶಾಲೆಗೆ ಬಂದದ್ದು ಮಾರ್ಚ್ ತಿಂಗಳಲ್ಲಿ, ಹೆರಿಗೆ ರಜೆಗೆ ಹೋದವರ ಜಾಗಕ್ಕೆ, ಒಂದು ವರ್ಷದ ಗುತ್ತಿಗೆ ಟೀಚರ್ ಆಗಿ. ಗುತ್ತಿಗೆಯವರಿಗೆಂದೇ ಇದ್ದ ಬಾಗಿಲ ಪಕ್ಕದ ಮೇಜು ನಿನಗೆ ಸಿಕ್ಕಿತು. ಬಾಗಿಲು ತೆರೆದಾಗಲೆಲ್ಲ ಬಂದರಿನ ಗಾಳಿ ನುಗ್ಗಿ ನಿನ್ನ ಕಾಗದಗಳೆಲ್ಲ ಹಾರುತ್ತಿದ್ದವು, ನೀನು ಬಗ್ಗಿ ಬಗ್ಗಿ ಆರಿಸುತ್ತಿದ್ದೆ. ನಾನು ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ, ನಲವತ್ತೈದರ ಗತ್ತಿನ ಹೆಂಗಸು, ಉಪಪ್ರಾಂಶುಪಾಲೆ ಆಗಬೇಕೆಂದು ಹಗಲುಗನಸು ಕಾಣುತ್ತಿದ್ದವಳು. ಮೊದಲ ದಿನವೇ ನಿನಗೆ ಉಪದೇಶ ಮಾಡಿದೆ. "ಈ ಮಕ್ಕಳ ಬಾಯಿಂದ ಇಂಗ್ಲಿಷ್ ಮಾತಾಡಿಸ್ತೀನಿ ಅಂತ ಹೊರಡಬೇಡ ಕಣಮ್ಮಾ. ಇಪ್ಪತ್ತು ವರ್ಷದಿಂದ ಗೋಡೆಗೆ ಪಾಠ ಹೇಳ್ತಿದೀನಿ ನಾನು." ನೀನು ನಕ್ಕು, "ಗೋಡೆ ಆದ್ರೆ ಪ್ರತಿಧ್ವನಿನಾದ್ರೂ ಕೊಡತ್ತಲ್ವಾ ಮೇಡಂ," ಅಂದೆ. ಎಂಥ ಬಾಯಿ ಇವಳದು ಎಂದುಕೊಂಡೆ. ಅವತ್ತೇ ನೀನು ನನಗೆ ಇಷ್ಟವಾದೆ, ಇದನ್ನು ನಂಬು.

ನಮ್ಮ ಮಕ್ಕಳು ಹೇಗಿದ್ದರೆಂದು ನಿನಗೆ ಹೇಳಬೇಕೇ? ಹದಿನಾಲ್ಕರ ವಯಸ್ಸು, ಕಣ್ಣಿನ ಮೇಲೆ ಇಳಿಬಿಟ್ಟ ಕೂದಲು, ಪ್ರಶ್ನೆಪತ್ರಿಕೆ ಕೊಟ್ಟರೆ ಪಟಪಟ ಉತ್ತರ ಬರೆಯುತ್ತಿದ್ದರು, ಎದ್ದು ನಿಂತು ಒಂದು ಮಾತಾಡು ಎಂದರೆ ಮಾತ್ರ ತುಟಿ ಹೊಲಿದುಕೊಂಡವರ ಹಾಗೆ ನಿಲ್ಲುತ್ತಿದ್ದರು. ಗೆಳೆಯರ ಎದುರು ಒಂದು ತಪ್ಪು ಮಾತಾಡಿದರೆ ವರ್ಷಪೂರ್ತಿ ಅದೇ ಅಡ್ಡಹೆಸರು ಅವರಿಗೆ. ನಾನು ಗದರಿಸಿದಷ್ಟೂ ಅವರು ತಲೆ ತಗ್ಗಿಸಿದರು. ನೀನು ಗದರಿಸಲಿಲ್ಲ. ಒಂದು ಮುಂಜಾನೆ ರಬ್ಬರ್ ಬೂಟು ಹಾಕಿಕೊಂಡು ಬಂದರಿಗೆ ಹೋಗಿ ಮೀನಿನ ಹರಾಜು ನೋಡಿಕೊಂಡು ಬಂದೆ. ಮೈಯೆಲ್ಲ ಮೀನಿನ ವಾಸನೆ ಹೊತ್ತು ಶಿಕ್ಷಕರ ಕೋಣೆಗೆ ಕಾಲಿಟ್ಟಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ಮಾರನೆಯ ವಾರ ಮಕ್ಕಳಿಂದ, ಅವರ ಅಮ್ಮಂದಿರು ಸಿಂಪಿ ಬಿಡಿಸುವ ಶೆಡ್ಡುಗಳಿಂದ, ಚೀಲಗಟ್ಟಲೆ ಚಿಪ್ಪು ತರಿಸಿದೆ. ತೊಳೆಸಿದೆ, ಒಣಗಿಸಿದೆ, ಒಂದೊಂದು ಚಿಪ್ಪಿನ ಒಳಗೆ ಒಂದೊಂದು ಇಂಗ್ಲಿಷ್ ವಾಕ್ಯ ಬರೆದೆ. ಕೆಲವು ವಾಕ್ಯ ತಾಜಾ, ಅಂದರೆ ಸರಿಯಾದದ್ದು, ಕೆಲವು ತಪ್ಪಿನಿಂದ ಕೊಳೆತದ್ದು. ಯಾವುದು ಯಾವುದೆಂದು ಗುಂಪುಗಳು ಕಂಡುಹಿಡಿದು ಹರಾಜು ಕೂಗಬೇಕು, ಬಂದರಿನ ದಲ್ಲಾಳಿಗಳ ಹಾಗೆ ಕೋಟಿನ ಮರೆಯಲ್ಲಿ ಬೆರಳಿನಲ್ಲೇ ಬೆಲೆ ತೋರಿಸಬೇಕು. ಕೊಳೆತದ್ದನ್ನು ಕೊಂಡವರು ಎದ್ದು ನಿಂತು ಅದು ಯಾಕೆ ಕೊಳೆತಿದೆ ಎಂದು ಇಂಗ್ಲಿಷಿನಲ್ಲಿ ಜಗಳವಾಡಿ ವಾಪಸ್ ಕೊಡಬೇಕು.

ಆವತ್ತು ನಾನು ಗಲಾಟೆ ಕೇಳಿ ಬೈಯಲೆಂದೇ ಬಂದವಳು. ಬಾಗಿಲ ಗಾಜಿನಲ್ಲಿ ಇಣುಕಿದರೆ ನನ್ನ ಗೋಡೆಗಳೆಲ್ಲ ಬೆಂಚಿನ ಮೇಲೆ ಹತ್ತಿ ನಿಂತು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದವು. ಆಮೇಲೆ ನಿನ್ನನ್ನು ಕೇಳಿದೆ, "ಏನು ಮಾಟ ಮಾಡಿದೆಯೇ?" ನೀನು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ಮೇಡಂ, ಇಲ್ಲಿ ತಪ್ಪು ಅವರದ್ದಲ್ಲ, ಸರಕಿಂದು. ಅದಕ್ಕೇ ಅವರಿಗೆ ನಾಚಿಕೆ ಇಲ್ಲ." ಇಪ್ಪತ್ತು ವರ್ಷದಲ್ಲಿ ನನಗೆ ಇದು ಯಾಕೆ ಹೊಳೆಯಲಿಲ್ಲ? ಹೊಟ್ಟೆಕಿಚ್ಚು ಬಂತು. ಹೌದು, ಬಂತು.

ನೀನು ಜಿಪುಣಿಯಾಗಿರಲಿಲ್ಲ. ಚಿಪ್ಪಿನ ವಾಕ್ಯಗಳ ಪಟ್ಟಿ, ಆಟದ ನಿಯಮ, ಕಾರ್ಡುಗಳು, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ವಿಭಾಗದ ಎಲ್ಲರಿಗೂ ಹಂಚಿದೆ. "ಬೇಕಾದ್ದು ತಗೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ, ಮಕ್ಕಳು ಬಾಯಿ ಬಿಟ್ರೆ ಸಾಕು," ಅಂದೆ. ನಾವು ಇಂಗ್ಲಿಷ್ ಟೀಚರುಗಳು ಹೀಗೆ ಹಂಚಿಕೊಂಡೇ ಬದುಕಿದವರು. ಒಬ್ಬರ ಆಟ ಇನ್ನೊಬ್ಬರ ತರಗತಿಗೆ ಹೋಗುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಆ ಒಳ್ಳೆಯ ರೂಢಿಯ ಮರೆಯಲ್ಲೇ ನಾನು ಕಳ್ಳತನ ಮಾಡಿದ್ದು.

ಶರತ್ಕಾಲದ ಆ ಊಟ ನೆನಪಿದೆಯೇ? ವಿಭಾಗದವರೆಲ್ಲ ಹಸಿ ಮೀನು ತಿನ್ನಲು ಹೋಗಿದ್ದೆವು. ನಿನ್ನ ಲೋಟಕ್ಕೆ ನಾನೇ ಸೋಜು ಸಾರಾಯಿ ಸುರಿದೆ. ನೀನು ಹಿರಿಯರೆದುರಿನ ಮರ್ಯಾದೆಗೆ ಎರಡೂ ಕೈಯಲ್ಲಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಕುಡಿದೆ. "ಇನ್ಮೇಲೆ ಮೇಡಂ ಗೀಡಂ ಬೇಡ, ಅಕ್ಕ ಅನ್ನು," ಎಂದೆ. ಅದರ ಬೆನ್ನಿಗೇ ವಿಷಯ ತೆಗೆದೆ. "ನಿನ್ನ ಚಿಪ್ಪಿನ ಹರಾಜನ್ನ ಶಿಕ್ಷಣ ಇಲಾಖೆಯ ಪಾಠ-ವರದಿ ಸ್ಪರ್ಧೆಗೆ ಕಳಿಸೋಣ ಕಣೇ. ಗುತ್ತಿಗೆಯವರ ಹೆಸರಲ್ಲಿ ತಗೊಳಲ್ಲ ಅವರು. ನನ್ನ ಹೆಸರಲ್ಲಿ ಹೋಗ್ಲಿ. ಒಳಗಡೆ ನಿನ್ನ ಹೆಸರು ಬರೀತೀನಿ." ನೀನು ಒಂದು ಗಳಿಗೆ ತಟ್ಟೆ ನೋಡಿದೆ. ಆಮೇಲೆ, "ಆಯ್ತು ಅಕ್ಕಾ," ಅಂದೆ. ಇನ್ನೇನು ಹೇಳುತ್ತಿದ್ದೆ ಪಾಪ? ಹಿರಿಯಳು ಕೈಯಾರೆ ಸುರಿದು, ಅಕ್ಕ ಎನ್ನಿಸಿಕೊಂಡು, ನಾಲ್ಕು ಜನರ ಎದುರು ಕೇಳಿದರೆ ನಮ್ಮಲ್ಲಿ ಯಾವ ಕಿರಿಯಳು ಇಲ್ಲ ಎನ್ನುತ್ತಾಳೆ? ಅದು ಗೊತ್ತಿದ್ದೇ ನಾನು ಅಲ್ಲಿ, ಆ ಹೊತ್ತಿಗೆ ಕೇಳಿದ್ದು.

ನಿನ್ನ ಹೆಸರನ್ನು ನಾನು ಬರೆದಿದ್ದೆ ಮಿರೇ. ಸುಳ್ಳಲ್ಲ. ಕೊನೆಯಲ್ಲಿ ಎರಡು ಸಾಲು: ಈ ಆಟ ರೂಪಿಸಿದವರು ಇಂಥವರು ಎಂದು. ಆದರೆ ವರದಿ ಇಪ್ಪತ್ತು ಪುಟ ಮೀರಬಾರದೆಂಬ ನಿಯಮವಿತ್ತು, ಆ ಎರಡು ಸಾಲು ಇಪ್ಪತ್ತೊಂದನೆಯ ಪುಟಕ್ಕೆ ಜಾರಿದ್ದವು. ಬೇರೆ ಎರಡು ಸಾಲು ಅಳಿಸಬಹುದಿತ್ತು. ನನ್ನ ಮುನ್ನುಡಿಯಲ್ಲಿ ಬೇಕಾದಷ್ಟು ಬುರುಡೆ ಇತ್ತು. ನಾನು ನಿನ್ನನ್ನು ಅಳಿಸಿದೆ. ಹೇಗೂ ಅವಳಿಗೆ ಇದರಿಂದ ಏನೂ ಸಿಗುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲ ಬಹುಮಾನ ಬಂತು. ನೀನು ಅಕ್ಕಿ ಕಡುಬು ತಂದು ಶಿಕ್ಷಕರ ಕೋಣೆಯಲ್ಲೆಲ್ಲ ಹಂಚಿದೆ, ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಇಲಾಖೆಯವರು ಇಡೀ ವರದಿಯನ್ನು ಟೀಚರುಗಳ ಪಾಠಸಾಮಗ್ರಿಯ ಜಾಲತಾಣಕ್ಕೆ ಹಾಕಿದರು. ದೇಶದ ಮೂಲೆಮೂಲೆಯವರು ಇಳಿಸಿಕೊಂಡರು. 'ಪ್ಯೊ ಇನ್‌ಸುಕ್ ಹರಾಜು' ಎಂದು ಅದಕ್ಕೆ ನನ್ನ ಹೆಸರೇ ಬಿತ್ತು. ನೀನು ಅದನ್ನು ನೋಡಿ ಏನೂ ಕೇಳಲಿಲ್ಲ. ನೀನು ಕೇಳಲಿಲ್ಲವೆಂದು ನಾನೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ನಿನ್ನ ಗುತ್ತಿಗೆ ಮುಗಿಯಿತು. ಅದೇ ಹೊತ್ತಿಗೆ ಜಿಂಜುವಿನ ಒಂದು ಖಾಸಗಿ ಶಾಲೆಯಲ್ಲಿ ಕಾಯಂ ಹುದ್ದೆಗೆ ಅರ್ಜಿ ಹಾಕಿದ್ದೆ. ಬರವಣಿಗೆಯ ಪರೀಕ್ಷೆಯಲ್ಲಿ ಮೊದಲಿಗಳಾಗಿ ಪಾಸಾದೆ. ಉಳಿದದ್ದು ಮಾದರಿ ಪಾಠ ಒಂದೇ. ನೀನು ನಿನ್ನ ಚಿಪ್ಪುಗಳ ಚೀಲ ಹೊತ್ತುಕೊಂಡು ಹೋದೆ. ಹೋಗದೆ ಏನು? ನಿನ್ನ ಕೈಯಲ್ಲಿದ್ದ ಅತ್ಯುತ್ತಮ ಪಾಠ ಅದು. ಸಂದರ್ಶನ ಮಾಡಲು ಕೂತವರು ಆಗಲೇ ಅದನ್ನು ನನ್ನ ಹೆಸರಿನಲ್ಲಿ ಓದಿದ್ದರು. ಇದು ಎಲ್ಲಿಂದ ತಂದದ್ದು ಎಂದು ಕೇಳಿದರಂತೆ. ನಾನೇ ಮಾಡಿದ್ದು ಎಂದೆಯಂತೆ.

ಮಧ್ಯಾಹ್ನ ಅಲ್ಲಿನ ಉಪಪ್ರಾಂಶುಪಾಲರು ನನಗೆ ಫೋನ್ ಮಾಡಿದರು. "ನಮ್ಮಲ್ಲಿ ಒಬ್ಬ ಹುಡುಗಿ ಬಂದಿದಾಳೆ ಮೇಡಂ. ನಿಮ್ಮ ಹರಾಜಿನ ಪಾಠ ಮಾಡಿ, ನಂದೇ ಅಂತಾಳೆ. ಏನಿದು?" ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವಳದೇ ಎಂದು ಒಂದು ಮಾತು ಹೇಳಿದ್ದರೆ ನಿನಗೆ ಕೆಲಸ, ನನ್ನ ಬಹುಮಾನ ವಾಪಸ್, ಬಡ್ತಿಯ ಪಟ್ಟಿಯಿಂದ ಹೆಸರು ಹೊರಗೆ. ಆ ಪಟ್ಟಿ ಮುಂದಿನ ವಾರ ಹೊರಬೀಳುವುದಿತ್ತು. ನಾನು ಎಷ್ಟು ಮೆತ್ತಗೆ ಹೇಳಿದೆ ಗೊತ್ತೇ? "ಒಳ್ಳೇ ಹುಡುಗಿ ಸಾರ್ ಅವಳು. ಆಗ ನನಗೆ ಸಹಾಯಕ್ಕಿದ್ಲು. ಕಾರ್ಡು ಗೀರ್ಡು ಕತ್ತರಿಸಿ ಕೊಡೋಳು." ಆತ ನಕ್ಕು, "ಓಹೋ, ಹಂಗೋ ವಿಷ್ಯ," ಎಂದು ಫೋನ್ ಇಟ್ಟರು. ಕಳ್ಳಿ ಎಂದು ನಿನ್ನನ್ನು ಬೈದಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲವೇನೋ. ನಾನು ನಿನ್ನನ್ನು ಹೊಗಳುತ್ತಲೇ ಮುಗಿಸಿದ್ದೆ.

ಸಂಜೆ ನಿನ್ನ ಸಂದೇಶ ಬಂತು. "ಮೇಡಂ, ನನ್ನಿಂದಾಗಿ ನಿಮಗೆ ಫೋನ್ ಬಂತಂತೆ. ತೊಂದರೆ ಕೊಟ್ಟೆ, ಕ್ಷಮಿಸಿ." ಅಕ್ಕ ಇರಲಿಲ್ಲ, ಮೇಡಂ ಇತ್ತು. ಹೊಡೆಸಿಕೊಂಡವಳು ನೀನು, ಕ್ಷಮೆ ಕೇಳಿದವಳೂ ನೀನು! ನಾನು ಅದನ್ನು ಹತ್ತು ಸಲ ಓದಿದೆ. ಉತ್ತರ ಬರೆಯಲಿಲ್ಲ. ಆಮೇಲೆ ನೀನು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲವೆಂದು ಅವರಿವರಿಂದ ಕೇಳಿದೆ.

ನಾನು ಉಪಪ್ರಾಂಶುಪಾಲೆ ಆದೆ. ತರಬೇತಿಗಳಿಗೆ ಭಾಷಣಕ್ಕೆ ಕರೆದರು. ಎಳೆಯ ಟೀಚರುಗಳು ಓಡಿಬಂದು, "ಅಯ್ಯೋ, ಹರಾಜಿನ ಮೇಡಂ ನೀವೇನಾ!" ಎಂದು ಜೊತೆಗೆ ಫೋಟೋ ತೆಗೆಸಿಕೊಂಡರು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮುಂಜಾನೆ ರಬ್ಬರ್ ಬೂಟು ಹಾಕಿಕೊಂಡು ಬಂದರಿಗೆ ಹೋದ ಕಥೆಯನ್ನು ನಾನೇ ಹೋದ ಹಾಗೆ ವೇದಿಕೆಯ ಮೇಲೆ ಹೇಳುತ್ತಿದ್ದೆ. ಜನ ನಗುತ್ತಿದ್ದರು. ನಿನ್ನ ಬೂಟನ್ನೂ ಬಿಡಲಿಲ್ಲ ನಾನು.

ಈ ಫೆಬ್ರವರಿಯಲ್ಲಿ ನಿವೃತ್ತಿ ಪಡೆದೆ. ಹೋದ ತಿಂಗಳು ಒಣಮೀನು ಕೊಳ್ಳಲು ಸಮ್‌ಚೊನ್‌ಪೊ ಮಾರುಕಟ್ಟೆಗೆ ಹೋಗಿದ್ದೆ. ಅಂಗಡಿಯ ಹೆಂಗಸು ನನ್ನನ್ನೇ ದಿಟ್ಟಿಸಿ, "ಪ್ಯೊ ಮೇಡಂ ಅಲ್ವಾ?" ಅಂದಳು. ನಿನ್ನ ತರಗತಿಯಲ್ಲಿದ್ದ ಗಾಯಂಗ್. ಈಗ ಇಪ್ಪತ್ತೆಂಟು, ಕೈತುಂಬ ಮೀನಿನ ಪೊರೆ, ಬಾಯಿಯಂತೂ ಕೇಳಲೇಬೇಡ. ಅವಳ ಅಕ್ಕನ ಮಗಳು ಅದೇ ಬೀದಿಯಲ್ಲಿ ನಿನ್ನ ಹತ್ತಿರ ಮನೆಪಾಠಕ್ಕೆ ಬರುತ್ತಾಳೆಂದು ಅವಳೇ ಹೇಳಿದಳು. ನೀನು ಅಷ್ಟು ಹತ್ತಿರದಲ್ಲಿದ್ದೀಯೆಂದು ನನಗೆ ಗೊತ್ತಿರಲಿಲ್ಲ.

"ಟೀಚರ್ ಈಗ್ಲೂ ಹರಾಜು ಆಡಿಸ್ತಾರೆ ಮೇಡಂ. ಆದ್ರೆ ಶುರು ಮಾಡೋಕ್ ಮುಂಚೆ ಪ್ರತಿ ಸಲ ಮಕ್ಳಿಗೆ ಹೇಳ್ತಾರಂತೆ, ಇದು ನಂದಲ್ಲ, ಪ್ಯೊ ಇನ್‌ಸುಕ್ ಅನ್ನೋ ದೊಡ್ಡ ಮೇಡಂ ಮಾಡಿದ್ದು ಅಂತ. ಏನ್ರೀ ಇದು? ಚಿಪ್ಪು ತೊಳ್ದೋರು ನಾವಲ್ವಾ? ನಮ್ಗೆ ಗೊತ್ತಿಲ್ವಾ ಯಾರ್ ಮಾಡಿದ್ದು ಅಂತ? ಹೋಗಿ ಕೇಳೇಬಿಟ್ಟೆ, ಯಾಕ್ ಟೀಚರ್ ಹಂಗಂತೀರಾ ಅಂತ. ಒಂದ್ಸಲ ನಂದು ಅಂತ ಹೇಳಿ ನೋಡ್ದೆ ಕಣೇ, ಯಾರೂ ನಂಬ್ಲಿಲ್ಲ ಅಂದ್ರು."

ಗಾಯಂಗ್ ಮೀನಿನ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಮ್ಗೂ ನೆನಪಿದ್ಯಲ್ವಾ ಮೇಡಂ?" ಇದೆ, ಎಂದೆ. ಆ ಒಂದು ಪದ ಹೇಳಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು, ಅದನ್ನೂ ಮೀನಿನಂಗಡಿಯಲ್ಲಿ ಹೇಳಿದೆ. ಅಲ್ಲಿಂದ ನಿನ್ನ ಮನೆಗೆ ನೂರು ಹೆಜ್ಜೆ. ಬರಲು ಮುಖವಿರಲಿಲ್ಲ, ಬಸ್ಸು ಹತ್ತಿದೆ.

ಮರುದಿನ ಇಲಾಖೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟು ನನ್ನ ಸಹಿಯ ಮೊಹರು ಒತ್ತಿದೆ, ಬಹುಮಾನದ ಫಲಕವನ್ನು ಮೇಜಿನ ಮೇಲಿಟ್ಟೆ. ಅಲ್ಲಿದ್ದ ತರುಣ ತಲೆ ಕೆರೆದುಕೊಂಡು, "ನಿವೃತ್ತಿ ಆಗಿದೆಯಲ್ಲ ಮೇಡಂ, ಈಗ್ಯಾಕೆ ಇದನ್ನೆಲ್ಲ ಕೆದಕ್ತೀರಿ," ಅಂದ. ಕೆದಕಿದೆ. ಸಾಮಗ್ರಿ ತಾಣದಲ್ಲಿ ಸೋಮವಾರದಿಂದ ನಿನ್ನ ಹೆಸರಿದೆ. ಆದರೆ ಇಷ್ಟು ವರ್ಷ ಇಳಿಸಿಕೊಂಡವರ ಪ್ರತಿಗಳಲ್ಲಿ ನನ್ನದೇ ಇರುತ್ತದೆ, ಅದನ್ನು ತಿದ್ದಲು ಯಾರಿಂದಲೂ ಆಗುವುದಿಲ್ಲವಂತೆ. ಜಿಂಜುವಿನ ಆ ಶಾಲೆಗೂ ಫೋನ್ ಮಾಡಿದೆ. ಆಗಿನವರು ಯಾರೂ ಇಲ್ಲ. ಆವತ್ತು ನಿನ್ನ ಬದಲು ಆಯ್ಕೆಯಾದವರು ಈಗ ಅಲ್ಲಿ ವಿಭಾಗದ ಮುಖ್ಯಸ್ಥರು ಎಂದಷ್ಟೇ ತಿಳಿಯಿತು. ಆ ಕುರ್ಚಿ ನಿನ್ನದು, ಅದನ್ನು ನಾನು ಎಲ್ಲಿಂದ ತಂದುಕೊಡಲಿ?

ನನ್ನನ್ನು ಕ್ಷಮಿಸಬೇಡ. ಉತ್ತರವನ್ನೂ ಬರೆಯಬೇಡ, ನಿನ್ನ ಸಂದೇಶಕ್ಕೆ ನಾನು ಬರೆದಿರಲಿಲ್ಲವಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಾಳೆ ಮಕ್ಕಳು ಬಂದು ಕೂತಾಗ, ಇದು ನನ್ನದಲ್ಲ ಎಂದು ಹೇಳಬೇಡ. ನನ್ನದು ಎನ್ನಲು ನಾಲಿಗೆ ಹೊರಳದಿದ್ದರೆ ಸುಮ್ಮನೆ ಹರಾಜು ಕೂಗು. ಆ ಸುಳ್ಳು ಹೇಳುವುದನ್ನು ನಿನಗೆ ಅಭ್ಯಾಸ ಮಾಡಿಸಿದವಳು ನಾನು. ಮೂವತ್ತನಾಲ್ಕು ವರ್ಷ ಟೀಚರ್ ಎನಿಸಿಕೊಂಡವಳು ನಿನಗೆ ಕಲಿಸಿದ್ದು ಅದೊಂದೇ ಮಿರೇ. ಅದನ್ನು ಮರೆತುಬಿಡು.

ನಿನ್ನ ಮನೆಪಾಠದ ಕೋಣೆ ಮಕ್ಕಳ ಗಲಾಟೆಯಿಂದ ತುಂಬಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನೆದುರು ತಲೆ ತಗ್ಗಿಸಿರುವ,
ಪ್ಯೊ ಇನ್‌ಸುಕ್