ಅಸೊಗ್ವಾ ನೆಟ್ಟ ಗೂಟ ಚಿಗುರಿತು

ಉಮುಅಕ್ಪ, ನ್ಸುಕ್ಕಾ ಬಳಿ
ಮೇ ೨೨

ಪ್ರೀತಿಯ ತಮ್ಮ ಉಗ್ವೊಕೆ,

ಹೇಗಿದ್ದೀಯ? ಕಡುನಾ ಪಟ್ಟಣದ ಧೂಳಿಗೆ ಹಿಡಿದ ಕೆಮ್ಮು ಬಿಟ್ಟಿತೆ? ನಾವೆಲ್ಲ ಕ್ಷೇಮ. ಅಪ್ಪ ನಿನ್ನೆ ಎರಡು ತಟ್ಟೆ ಉಂಡರು.

ನಮ್ಮ ಸೂರ್ಯದೇವರು ಅನ್ಯಾನ್ವುವಿನ ದಿಬ್ಬ ನಮಗೇ ಉಳಿಯಿತು. ನಿನ್ನೆ ಊರ ಸಭೆ ತೀರ್ಪು ಕೊಟ್ಟಿತು. ಸುದ್ದಿ ತಂದವರು ಚಿಕ್ಕಪ್ಪ ಒಮೆಜೆ. ಅಪ್ಪನಿಗಿಂತ ಮೊದಲೇ ಓಡಿಬಂದು ಅಂಗಳದಲ್ಲಿ ಕುಣಿದುಬಿಟ್ಟರು.

ಒಣಗಾಳಿಯ ದಿನಗಳಲ್ಲಿ ನಾವು ಹೆಗ್ಗೆಣಸಿನ ಹೊಲದಲ್ಲಿದ್ದಾಗ ಪಕ್ಕದ ಮನೆಯ ಅಸೊಗ್ವಾ ದಿಬ್ಬದ ಸುತ್ತ ಒಗಿರಿಸಿ ಮರದ ಗೂಟ ನೆಟ್ಟು, ಜಾಗ ತನ್ನದು, ಅಂಗಡಿ ಕಟ್ಟುತ್ತೇನೆ ಎಂದಿದ್ದ. ಒಗಿರಿಸಿ ಗೂಟ ಎಂದರೆ ಗಡಿ, ಕಿತ್ತವನೇ ಕಳ್ಳನಾಗುತ್ತಾನೆ. ಹಾಗಾಗಿ ಅಪ್ಪ ದಿನಾ ಬೆಳಗ್ಗೆ ಬಿಳಿಸುಣ್ಣ ಹಿಡಿದು ಗೂಟಗಳ ಹೊರಗೇ ನಿಂತು ಸೂರ್ಯನಿಗೆ ಕೈ ಎತ್ತುತ್ತಿದ್ದರು. 'ಹೋದರೆ ಹೋಗಲಿ ಬಿಡಿ' ಎಂದು ನೀನು ಬರೆದಿದ್ದೆಯಲ್ಲ, ಆ ಸಾಲನ್ನು ನಾನು ಅವರಿಗೆ ಓದಿ ಹೇಳಲಿಲ್ಲ.

ಮಳೆ ಬಿತ್ತು, ಗೂಟಗಳು ಚಿಗುರಿದವು. ಸಭೆಯಲ್ಲಿ ಊರಿಗೆಲ್ಲ ಹಿರಿಯರಾದ ಒನ್ಯಿಷಿ ಅಜ್ಜ, 'ಗೂಟ ಎಲ್ಲಿ ಕಡಿದ್ಯೋ?' ಎಂದು ಕೇಳಿದರಂತೆ. ಅಸೊಗ್ವಾ ಎದೆ ಸೆಟೆಸಿ, 'ಅಲ್ಲೇ, ದಿಬ್ಬದ ಮರದಲ್ಲೇ ಅಜ್ಜಾ. ಬೇರೆ ಒಗಿರಿಸಿಗೆ ಹೊಳೆತನಕ ಯಾರು ನಡೀತಾರೆ?' ಎಂದನಂತೆ. ಸಭೆ ಗೊಳ್ಳೆಂದು ನಕ್ಕಿತಂತೆ. 'ಸೋಮಾರಿ! ದೇವರ ಮರ ಕಡಿದು ದೇವರ ಗಡಿಯನ್ನ ನೀನೇ ನೆಟ್ಟುಕೊಟ್ಟಿದ್ದೀಯಲ್ಲೋ. ಬೇರು ಬಿಟ್ಟಾಯ್ತು. ಒಳಗಿರೋದೆಲ್ಲ ಇನ್ನು ಅನ್ಯಾನ್ವು ದೇವರದ್ದು' ಎಂದರಂತೆ ಅಜ್ಜ. ಅವಸರದಲ್ಲಿ ನೆಟ್ಟದ್ದಕ್ಕೆ ಅವನದೇ ಆಡಿನ ಕೊಟ್ಟಿಗೆಯ ಮೂಲೆಯೂ ಒಳಗೆ ಸೇರಿದೆ! 'ದೇವರಿಗೆ ಜಾಗ ಸಾಲದು ಅಂತ ನಮ್ಮದನ್ನೂ ಕೊಟ್ರಾ?' ಎಂದು ಅವನ ಹೆಂಡತಿ ದಾರಿಯುದ್ದಕ್ಕೂ ಬೈದಳು. ಅದನ್ನು ನಾನೇ ಕೇಳಿಸಿಕೊಂಡೆ.

ಇಂದು ಬೆಳಗ್ಗೆ ಅಪ್ಪ ಚಿಗುರಿದ ಗೂಟಗಳ ನಡುವಿನಿಂದ ದಿಬ್ಬ ಹತ್ತಿದರು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಪೂರ್ವಕ್ಕೆ ಎರಡೂ ಕೈ ಎತ್ತಿ, ಅಸೊಗ್ವಾನ ಅಡುಗೆಮನೆಗೂ ಕೇಳುವಂತೆ ನಮ್ಮೆಲ್ಲರ ಹೆಸರು ಕೂಗಿದರು. ನಿನ್ನ ಹೆಸರನ್ನು ಎರಡು ಸಲ ಕೂಗಿದರು.

ಬೆಳಗಿನ ಬಿಸಿಲು ನಿನ್ನ ಬಾಗಿಲಿಗೆ ಮೊದಲು ಬೀಳಲಿ ಎಂದು ಅಮ್ಮ ಹರಸಿದ್ದಾಳೆ.

ನಿನ್ನ ಅಕ್ಕ,
ಒಯಿಮಾ

ಮುಖ್ಯವಾದದ್ದೇ ಬರೆಯಲಿಲ್ಲ: ದಿಬ್ಬ ಇಳಿದು ಬಂದ ಅಪ್ಪ ಸುಣ್ಣದ ಉಂಡೆಯನ್ನು ನನ್ನ ಕೈಗಿಟ್ಟು, 'ದಿಬ್ಬದ ಪೂಜೆ ಇನ್ನು ಉಗ್ವೊಕೆದು, ಅವನು ಬರೋತನಕ ಇದನ್ನ ಇಟ್ಟಿರು' ಎಂದರು. ನಿನಗೆ ರಜೆ ಸಿಗುತ್ತದೋ ಇಲ್ಲವೋ ಎಂದು ಅವರು ಕೇಳಲೇ ಇಲ್ಲ. ಬಿಳಿ ಹುಂಜ ತಂದಾಗಿದೆ. ಜೂನ್ ಹದಿನೈದು, ದೇವರ ಹಬ್ಬದ ದಿನ ಸೂರ್ಯ ಹುಟ್ಟುವ ಹೊತ್ತಿಗೆ, ಅದನ್ನು ಬಿದಿರಿನ ತುದಿಗೆ ಕಟ್ಟಿ ಸೂರ್ಯನಿಗೆ ಎತ್ತುವವನು ನೀನು.